ಸೆರಗಿಗೆ ಚುಚ್ಚಿದ ಪಿನ್ನು

ಯುಗಾದಿ ಹತ್ತಿರ ಬಂದಾಗ ಬೀರುವಿನ ಬಟ್ಟೆಗಳನ್ನೆಲ್ಲ ತೆಗೆದು ಬಿಸಿಲಿಗೆ ಹಾಕುವುದು ನಮ್ಮ ಮನೆಯ ರೂಢಿ. ಹೋದ ವರ್ಷ ಹಾಗೆ ತೆಗೆಯುವಾಗ ನಮ್ಮವರ ಹಳೆಯ ಕಪ್ಪು ಕೋಟಿನಿಂದ ಏನೋ ಟಣ್ಣೆಂದು ಕೆಳಗೆ ಬಿತ್ತು. ಬಗ್ಗಿ ನೋಡಿದರೆ ಅವರ ಕ್ಲಬ್ಬಿನ ಪಿನ್ನು. ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು. ಅಂಥದೇ ಇನ್ನೊಂದು ಪಿನ್ನು ನನ್ನ ಕೈಚೀಲದಲ್ಲೂ ಇದೆ. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತಾ ಕೂತೆ. ಈ ಒಂದು ಪಿನ್ನಿನಿಂದ ಆ ಇನ್ನೊಂದು ಪಿನ್ನಿನವರೆಗೆ ಬರಲು ನನಗೆ ಹದಿನೈದು ವರ್ಷ ಹಿಡಿಯಿತು. ಪ್ರಪಂಚಕ್ಕೆ ಎಷ್ಟು ಹಿಡಿಯಿತು ಎಂಬುದೂ ಒಂದು ಚರಿತ್ರೆಯೇ. ಅದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಮೊದಲೇ ಒಂದು ಮಾತು. ಆ ಕ್ಲಬ್ಬು ಸಿಂಹದ್ದೋ ಚಕ್ರದ್ದೋ ಎಂದು ನಾನು ಹೇಳುವುದಿಲ್ಲ. ಯಾವ ಊರಿನದು ಎಂದೂ ಹೇಳುವುದಿಲ್ಲ. ನಾನು ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹೀಗೆ ನಾಲ್ಕೂ ಕಡೆ ಪಾಠ ಮಾಡಿದವಳು. ನಾಲ್ಕೂ ಊರಿನಲ್ಲಿ ನನ್ನ ಶಿಷ್ಯರಿದ್ದಾರೆ, ಸಂತೆಯಲ್ಲಿ ಸಿಕ್ಕರೆ ನಿಂತು ಮಾತಾಡುವವರಿದ್ದಾರೆ. ನಾನು ಕೆಲಸಕ್ಕೆ ಸೇರಿದ 1994ರಲ್ಲಿ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಉಳಿದವು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಚನ್ನಗಿರಿ ತಾಲೂಕಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ಇವೆಲ್ಲ ದಾವಣಗೆರೆ ಜಿಲ್ಲೆಗೆ ಬಂದವು. ನ್ಯಾಮತಿಯಂತೂ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾದದ್ದು ಈಚೆಗೆ, 2018ರಲ್ಲಿ. ಹೀಗೆ ಗಡಿಗಳೇ ಸರಿದಾಡಿದ ಸೀಮೆ ನಮ್ಮದು. ಹೆಂಗಸರ ಗಡಿ ಮಾತ್ರ ನಿಧಾನವಾಗಿ ಸರಿಯಿತು.

ನಮ್ಮವರು ಜೀವವಿಮೆಯ ಏಜೆಂಟರು. 1996ರಲ್ಲಿ ಒಂದು ಸಂಜೆ ಅಂಗಡಿಯ ಶೆಟ್ಟರೊಬ್ಬರು ಮನೆಗೆ ಬಂದು, ‘ನೀವೂ ನಮ್ಮ ಕ್ಲಬ್ಬಿಗೆ ಬರಬೇಕು’ ಎಂದು ಕರೆದರು. ಅಂಥ ಸಂಘಗಳಿಗೆ ನಾವಾಗಿ ಹೋಗಿ ಸೇರುವಂತಿಲ್ಲ, ಒಬ್ಬ ಸದಸ್ಯ ಕರೆಯಬೇಕು, ಉಳಿದವರು ಒಪ್ಪಬೇಕು. ಮದುವೆ ಮಾತುಕತೆಯ ಹಾಗೆಯೇ ಎನ್ನಿ. ಇವರಿಗೆ ಖುಷಿಯೋ ಖುಷಿ. ನಾಲ್ಕು ಜನರ ಪರಿಚಯವಾದರೆ ನಾಲ್ಕು ಪಾಲಿಸಿ ಆಗುತ್ತದೆ ಎಂಬ ಲೆಕ್ಕವೂ ಒಳಗೆ ಇತ್ತು. ನಮ್ಮ ಅತ್ತೆ ಮಾತ್ರ, ‘ಅದೇನು ಕಿಲಬ್ಬೋ ಏನೋ. ಇಸ್ಪೀಟಾಡಾಕೆ ಹೋಗಬ್ಯಾಡಪ್ಪ’ ಎಂದು ಎಚ್ಚರಿಸಿದರು. ದಾವಣಗೆರೆಗೆ ಹೋಗಿ ಕಪ್ಪು ಕೋಟು ಹೊಲಿಸಿದರು. ಪಿನ್ನು ಚುಚ್ಚಿಕೊಂಡು ಕನ್ನಡಿಯ ಮುಂದೆ ನಿಂತಾಗ, ಮದುವೆಯ ದಿನಕ್ಕಿಂತಲೂ ಚೆನ್ನಾಗಿ ಕಾಣಿಸಿದರು.

ಇವರ ಆ ಪಾಲಿಸಿಯ ಲೆಕ್ಕ ನನಗೆ ಸಣ್ಣತನವೆನಿಸಿತ್ತು. ಆಮೇಲೆ ಚರಿತ್ರೆ ಓದಿದಾಗ ತಿಳಿಯಿತು, ಮೂಲಪುರುಷರ ಲೆಕ್ಕವೂ ಅದೇ ಎಂದು. 1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೋ ಊರಿನಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರನ್ನು ಸೇರಿಸಿದ. ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರು, ಒಬ್ಬ ದರ್ಜಿ. ದೊಡ್ಡ ಪಟ್ಟಣದಲ್ಲಿ ಒಂಟಿತನ ಕಳೆಯಬೇಕು, ಒಬ್ಬರಿಗೊಬ್ಬರು ವ್ಯಾಪಾರದಲ್ಲಿ ನೆರವಾಗಬೇಕು ಎಂಬುದೇ ಉದ್ದೇಶ. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಅವರು ಊರಿಗಾಗಿ ಮಾಡಿದ ಮೊದಲ ಕೆಲಸ ಏನು ಗೊತ್ತೆ? 1907ರಲ್ಲಿ, ಸಾರ್ವಜನಿಕ ಶೌಚಾಲಯ ಬೇಕೆಂದು ಹೋರಾಡಿದ್ದು. ನೀವು ನಗಬಹುದು. ಮೂರು ಗಂಟೆ ಬಸ್ಸಿನಲ್ಲಿ ಕೂತು ಯಾವುದೋ ಊರಿನ ನಿಲ್ದಾಣದಲ್ಲಿ ಇಳಿದ ಹೆಂಗಸು ಮಾತ್ರ ನಗುವುದಿಲ್ಲ.

ಲಯನ್ಸ್ ಕ್ಲಬ್ಬನ್ನು ಕಟ್ಟಿದ ಮೆಲ್ವಿನ್ ಜೋನ್ಸ್ ಅಂತೂ ನಮ್ಮವರ ಹಾಗೆಯೇ ವಿಮೆಯ ವ್ಯವಹಾರದವನು! ಅವನೂ ಷಿಕಾಗೋದವನೇ. ವ್ಯಾಪಾರಿಗಳ ಒಂದು ಕೂಟದಲ್ಲಿದ್ದುಕೊಂಡು, ಬರೀ ನಮ್ಮ ಲಾಭವನ್ನೇ ನೋಡಿಕೊಂಡರೆ ಸಾಕೆ ಎಂದು ಕೇಳಿದವನು. ಅಂಥ ಹಲವು ಕೂಟಗಳನ್ನು 1917ರಲ್ಲಿ ಒಟ್ಟುಗೂಡಿಸಿದ. ರೋಟರಿ 1919–20ರ ಹೊತ್ತಿಗೇ ಕಲ್ಕತ್ತೆಗೆ ಬಂತು. ಲಯನ್ಸ್ 1956ರಲ್ಲಿ ಮುಂಬಯಿಗೆ ಬಂತು. ಅಲ್ಲಿಂದ ಜಿಲ್ಲಾ ಕೇಂದ್ರಗಳಿಗೆ, ಅಲ್ಲಿಂದ ಅಡಿಕೆ, ಭತ್ತ, ಮೆಕ್ಕೆಜೋಳದ ವ್ಯಾಪಾರ ಮಾಡುವ ನಮ್ಮಂಥ ಊರುಗಳಿಗೆ.

ಇವಕ್ಕೂ ಮುಂಚಿನದು ಮೇಸನ್ನರ ಸಂಘ. ಕಲ್ಲುಕುಟಿಗರ ಸಲಕರಣೆಗಳನ್ನು ಗುರುತಾಗಿಟ್ಟುಕೊಂಡು, ಒಬ್ಬರನ್ನೊಬ್ಬರು ಸಹೋದರ ಎಂದು ಕರೆಯುವ, ಬಾಗಿಲು ಮುಚ್ಚಿ ಸಭೆ ನಡೆಸುವ ಸಂಘ. ಹದಿನೆಂಟನೇ ಶತಮಾನದಲ್ಲಿ ಇಂಗ್ಲಿಷರ ಜೊತೆ ನಮ್ಮ ದೇಶಕ್ಕೆ ಬಂತು. ಸ್ವಾಮಿ ವಿವೇಕಾನಂದರು ಸನ್ಯಾಸಿಯಾಗುವ ಮೊದಲು, ನರೇಂದ್ರನಾಥ ದತ್ತನಾಗಿದ್ದಾಗ, 1884ರಲ್ಲಿ ಕಲ್ಕತ್ತೆಯಲ್ಲಿ ಇದಕ್ಕೆ ಸೇರಿದ್ದರು ಎಂದರೆ ನನ್ನ ಸಹೋದ್ಯೋಗಿಗಳು ನಂಬುವುದಿಲ್ಲ. ಆದರೆ ಅಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ. ಸಹೋದರರ ಸಂಘದಲ್ಲಿ ಸಹೋದರಿಗೇನು ಕೆಲಸ? ನಮಗೆಲ್ಲ ಹೋಂ ರೂಲ್ ಪಾಠದಲ್ಲಿ ಪರಿಚಯವಾದ ಆನಿ ಬೆಸೆಂಟರು ಇದನ್ನು ಒಪ್ಪಲಿಲ್ಲ. ಸ್ತ್ರೀಪುರುಷರಿಬ್ಬರನ್ನೂ ಸೇರಿಸಿಕೊಳ್ಳುವ ಬೇರೆಯದೇ ಮೇಸನ್ ಸಂಘವೊಂದು ಫ್ರಾನ್ಸಿನಲ್ಲಿತ್ತು. 1902ರಲ್ಲಿ ಅದಕ್ಕೆ ಸೇರಿ ಲಂಡನ್ನಿನಲ್ಲಿ ಅದರ ಶಾಖೆ ತೆರೆದರು. ಬಾಗಿಲು ತೆಗೆಯದಿದ್ದರೆ ಪಕ್ಕದಲ್ಲೇ ಇನ್ನೊಂದು ಮನೆ ಕಟ್ಟುವ ಜಾಣತನ ಇದು.

ಇಂಥದೇ ಜಾಣತನ 1923ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲೂ ನಡೆಯಿತು. ಮಾರ್ಗರೆಟ್ ಗೋಲ್ಡಿಂಗ್ ಎಂಬಾಕೆ ರೋಟರಿ ಸದಸ್ಯರ ಹೆಂಡತಿಯರನ್ನೆಲ್ಲ ಕರೆದು ಸಭೆ ಮಾಡಿದಳು. ಸಭೆ ಸೇರಿದ್ದು ಒಂದು ಹಬೆಸ್ನಾನದ ಮನೆಯಲ್ಲಿ! ಮರುವರ್ಷ, 1924ರ ಜನವರಿ 10ರಂದು, ಚಕ್ರದೊಳಗಿನ ಚಕ್ರ ಎಂಬರ್ಥದ ಇನ್ನರ್ ವ್ಹೀಲ್ ಹುಟ್ಟಿತು. ಪ್ರಪಂಚದ ದೊಡ್ಡ ಮಹಿಳಾ ಸಂಘಟನೆಗಳಲ್ಲಿ ಅದೂ ಒಂದಾಗಿ ಬೆಳೆಯಿತು.

ನಮ್ಮೂರಿನಲ್ಲಿ ಒಳಚಕ್ರವೂ ಇರಲಿಲ್ಲ, ಹೊರಚಕ್ರವೂ ಇರಲಿಲ್ಲ. ನಾವು ‘ಸದಸ್ಯರ ಶ್ರೀಮತಿಯರು’. ಜುಲೈ ತಿಂಗಳಲ್ಲಿ ಹೊಸ ಅಧ್ಯಕ್ಷರ ಪದಗ್ರಹಣ. ಅಂದು ನಾವು ರೇಷ್ಮೆ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂರಬೇಕು. ಯಾರಾದರೂ ಒಬ್ಬರು ಪ್ರಾರ್ಥನೆ ಹೇಳಬೇಕು. ನಾನು ಮೇಷ್ಟರಮ್ಮ ಆದ್ದರಿಂದ ಅದು ನನ್ನ ಪಾಲಿಗೆ. ಆಮೇಲೆ ಅಧ್ಯಕ್ಷರ ಶ್ರೀಮತಿಯವರಿಗೆ ಹೂಗುಚ್ಛ. ಊಟವಾದ ಮೇಲೆ ಗಂಡಸರ ‘ಫೆಲೋಶಿಪ್’ ಇರುತ್ತಿತ್ತು. ಅದೇನೆಂದು ವಿವರಿಸುವುದು ಬೇಡ. ನಾವು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮನೆ ಸೇರುತ್ತಿದ್ದೆವು.

ಆದರೂ ನಾನು ಆ ಕ್ಲಬ್ಬನ್ನು ಪ್ರೀತಿಸಿದೆ. ಕಾರಣ ಕಣ್ಣಿನ ಶಿಬಿರ.

ಆಗಿನ ಶಿಬಿರಗಳನ್ನು ನೀವು ನೋಡಿರಬಹುದು. ಈಗಿನ ಹಾಗೆ ಪರೀಕ್ಷೆ ಮಾಡಿ, ವ್ಯಾನಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಮರುದಿನ ತಂದುಬಿಡುವ ಶಿಬಿರಗಳಲ್ಲ. ಶಾಲೆಯೇ ಆಸ್ಪತ್ರೆ. ಬೆಂಚುಗಳನ್ನೆಲ್ಲ ಹೊರಗೆ ಹಾಕಿ, ನೆಲವನ್ನು ಫಿನಾಯಿಲಿನಲ್ಲಿ ತೊಳೆದು, ಒಂದು ಕೋಣೆಯಲ್ಲಿ ಆಪರೇಷನ್ನು. ಉಳಿದ ಕೋಣೆಗಳಲ್ಲಿ ಚಾಪೆ, ಜಮಖಾನ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕ ಮುದುಕಿಯರು ಸಾಲಾಗಿ ಮಲಗಿರುತ್ತಿದ್ದರು. ತಲೆ ಅಲ್ಲಾಡಿಸಬಾರದು, ಕೆಮ್ಮಬಾರದು, ಅಳಬಾರದು. ನನ್ನ ಅಜ್ಜಿಗೂ ಮೋದಿ ಡಾಕ್ಟರ ಶಿಬಿರದಲ್ಲಿ ಹೀಗೇ ಪೊರೆ ತೆಗೆದಿದ್ದರು. ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ಲಕ್ಷಗಟ್ಟಲೆ ಕಣ್ಣು ತೆರೆಸಿದವರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕದಲ್ಲಿದೆ. 2005ರಲ್ಲಿ ತೀರಿಕೊಂಡರು. ಅಜ್ಜಿ ಸಾಯುವವರೆಗೂ ದೇವರಿಗೆ ಕೈಮುಗಿದ ಮೇಲೆ ಮೋದಿಯವರಿಗೂ ಒಂದು ಕೈ ಮುಗಿಯುತ್ತಿದ್ದಳು.

ಕ್ಲಬ್ಬಿನ ಶಿಬಿರದಲ್ಲಿ ನಮ್ಮ ಕೆಲಸ ಉಪ್ಪಿಟ್ಟು, ಗಂಜಿ, ಕಾಫಿ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸುತ್ತಿದ್ದೆವು. ಒಮ್ಮೆ ತಾಂಡಾದಿಂದ ಒಬ್ಬ ಲಂಬಾಣಿ ಅಜ್ಜಿ ಬಂದಿದ್ದಳು. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನ್ಯಾಮತಿಯ ಕಡೆಯೇ ಇದೆಯಲ್ಲ, ಆ ಸೀಮೆಯವಳು. ಕೈ ತುಂಬ ಬಳೆ, ಕನ್ನಡಿ ಹೊಲಿದ ಲಂಗ. ಐದು ದಿನ ಯಾರೊಡನೆಯೂ ಮಾತಿಲ್ಲ. ಪಟ್ಟಿ ಬಿಚ್ಚಿ ದಪ್ಪ ಗಾಜಿನ ಕನ್ನಡಕ ಹಾಕಿದ ಕೂಡಲೇ ತನ್ನ ಲಂಗವನ್ನೇ ಎತ್ತಿ ಹಿಡಿದು ಒಂದೊಂದು ಕನ್ನಡಿಯನ್ನೂ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಐದು ದಿನ ಗಂಜಿ ಕುಡಿಸಿದಾಕಿ ನೀನೇ ಏನು? ದನಿ ಕೇಳಿ ದಪ್ಪಕಿದ್ದಿ ಅಂದ್ಕೊಂಡಿದ್ದೆ’ ಎಂದಳು. ಎಲ್ಲರೂ ನಕ್ಕರು. ನಾನು ಸೌಟು ಹಿಡಿದುಕೊಂಡೇ ಅತ್ತೆ.

ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು. ಅದರಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಹಿಂದೆ ದೊಡ್ಡ ಬ್ಯಾನರು. ಒಂದು ಮೋಸಂಬಿ ಹಣ್ಣಿಗೆ ಆರು ಕೈ. ಹಣ್ಣು ತೆಗೆದುಕೊಳ್ಳುವ ಅಜ್ಜಿಯ ಮುಖವೇ ಕಾಣಿಸುತ್ತಿರಲಿಲ್ಲ. ಇಂಥ ಸಂಘಗಳನ್ನು ಕಂಡರೆ ಜನ ಮೂಗು ಮುರಿಯುವುದು ಇದಕ್ಕೇ. ಆ ಮಾತು ಸುಳ್ಳಲ್ಲ. ಆದರೆ ಆ ಅಜ್ಜಿಗೆ ಕಣ್ಣು ಬಂದದ್ದೂ ಸುಳ್ಳಲ್ಲ.

ಲಯನ್ಸಿನವರು ಕಣ್ಣಿನ ಕೆಲಸವನ್ನೇ ಹಿಡಿದದ್ದು ಹೇಗೆ ಎಂಬುದು ಇನ್ನೂ ಸ್ವಾರಸ್ಯ. 1925ರ ಜೂನ್ 30ರಂದು ಅಮೆರಿಕದ ಓಹಾಯೋ ರಾಜ್ಯದಲ್ಲಿ ಅವರ ಮಹಾಸಭೆ ನಡೆಯಿತು. ಅಲ್ಲಿಗೆ ಒಬ್ಬಾಕೆ ಬಂದಳು. ಕಣ್ಣಿಲ್ಲ, ಕಿವಿ ಕೇಳಿಸದು. ಹೆಲೆನ್ ಕೆಲ್ಲರ್. ಪಠ್ಯಪುಸ್ತಕದಲ್ಲಿ ಆಕೆಯ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ. ಕತ್ತಲೆಯ ವಿರುದ್ಧ ಅಂಧರ ಪರವಾಗಿ ಹೋರಾಡುವ ವೀರರಾಗಿ ಎಂದು ಆಕೆ ಕೇಳಿಕೊಂಡಳು. ಅಂದಿನಿಂದ ಕಣ್ಣಿನ ಕೆಲಸ ಅವರ ವ್ರತವಾಯಿತು. ಕೂತು ಕೇಳಿದ ಸದಸ್ಯರೆಲ್ಲ ಗಂಡಸರು. ದಾರಿ ತೋರಿಸಿದವಳು ಕಣ್ಣಿಲ್ಲದ ಹೆಣ್ಣು. ಹೆಂಗಸರೂ ಸದಸ್ಯರಾಗಬಹುದು ಎಂದು ಆ ಸಂಘ ಠರಾವು ಮಾಡಿದ್ದು 1987ರಲ್ಲಿ, ತೈಪೆಯ ಮಹಾಸಭೆಯಲ್ಲಿ. ನಡುವೆ ಅರವತ್ತೆರಡು ವರ್ಷ!

ಅದೇ 1987ರಲ್ಲಿ ರೋಟರಿಯ ಬಾಗಿಲನ್ನೂ ಒಬ್ಬರು ತಳ್ಳಿದರು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಪುಟ್ಟ ಊರು. ಅಲ್ಲಿಯ ಕ್ಲಬ್ಬಿಗೆ ಸದಸ್ಯರೇ ಸಿಗುತ್ತಿರಲಿಲ್ಲ. 1977ರಲ್ಲಿ ಮೂವರು ಹೆಂಗಸರನ್ನು ಸೇರಿಸಿಕೊಂಡರು. ಕೇಂದ್ರದವರು ಮರುವರ್ಷ ಆ ಕ್ಲಬ್ಬನ್ನೇ ಹೊರಗೆ ಹಾಕಿದರು. ಡುವಾರ್ಟೆಯವರು ಬಗ್ಗಲಿಲ್ಲ. ತಮ್ಮ ಲಾಂಛನದ ಮೇಲೆ ಒಂದು ಎಕ್ಸ್ ಗುರುತು ಹಾಕಿಕೊಂಡು ‘ಮಾಜಿ’ ಕ್ಲಬ್ಬು ಎಂದು ಕರೆದುಕೊಂಡು ಸಭೆ ನಡೆಸಿದರು, ಕೋರ್ಟಿಗೆ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಹೆಂಗಸರ ಪರವಾಗಿ ತೀರ್ಪು ಕೊಟ್ಟಿತು. ಆ ವರ್ಷ ಆ ಕ್ಲಬ್ಬಿನ ಅಧ್ಯಕ್ಷೆಯಾದವರು ಸಿಲ್ವಿಯಾ ವಿಟ್ಲಾಕ್. ಅವರ ವೃತ್ತಿ ಏನೆಂದು ಓದಿದಾಗ ನನಗೆ ಒಬ್ಬಳೇ ನಗು ಬಂತು. ಶಾಲೆಯ ಮುಖ್ಯೋಪಾಧ್ಯಾಯಿನಿ! 1989ರಲ್ಲಿ ರೋಟರಿ ಪ್ರಪಂಚದಾದ್ಯಂತ ನಿಯಮ ಬದಲಿಸಿತು.

ಇದಾವುದೂ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು 2009ರ ನಂತರ.

2009ರ ಮಳೆಗಾಲದಲ್ಲಿ ನಮ್ಮವರು ಹೃದಯಾಘಾತದಿಂದ ಹೋದರು. ಕ್ಲಬ್ಬಿನವರು ಓಡಿ ಬಂದರು, ಹೆಗಲು ಕೊಟ್ಟರು, ಮಗಳ ಕಾಲೇಜಿನ ಫೀಜಿಗೆ ನೆರವಾದರು. ಆ ಋಣವನ್ನು ನಾನು ಮರೆಯುವುದಿಲ್ಲ. ಆದರೆ ಮುಂದಿನ ಜುಲೈಯಲ್ಲಿ ಪದಗ್ರಹಣದ ಆಮಂತ್ರಣ ಬರಲಿಲ್ಲ. ‘ಸದಸ್ಯರು ಮತ್ತು ಶ್ರೀಮತಿಯವರು’ ಎಂದು ಅಚ್ಚಾದ ಆ ಕಾರ್ಡಿನಲ್ಲಿ ನನಗೆ ಎಲ್ಲಿ ಜಾಗ? ಸದಸ್ಯರೇ ಇಲ್ಲದ ಮೇಲೆ ಶ್ರೀಮತಿ ಎಲ್ಲಿಂದ ಬರಬೇಕು? ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಯಾರಿಗೂ ನೆನಪೇ ಆಗಲಿಲ್ಲ, ಅಷ್ಟೆ.

ಆ ವರ್ಷದ ಶಿಬಿರ ನಾನು ಕೆಲಸ ಮಾಡುವ ಶಾಲೆಯಲ್ಲೇ ನಡೆಯಿತು. ಏರ್ಪಾಡೆಲ್ಲ ನನ್ನ ಮೇಲೆ. ಉದ್ಘಾಟನೆಗೆ ದೀಪ ಬೆಳಗಿಸಲು ಐದು ಜನ ಮುತ್ತೈದೆಯರನ್ನು ಕರೆದರು. ನಾನು ಎಣ್ಣೆಯ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಒಬ್ಬ ಮಹನೀಯರು ಮೆಲ್ಲನೆ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ‘ನೀವು ಕೂತ್ಕೊಳ್ರಿ ಟೀಚರೇ, ಸುಸ್ತಾಗಿರ್ತೀರಿ’ ಎಂದರು. ನನಗೆ ಸುಸ್ತಾಗಿರಲಿಲ್ಲ.

ಮನೆಗೆ ಬಂದು ಅಡಿಗೆ ಮಾಡಲಿಲ್ಲ. ನಮ್ಮವರ ಕಡತಗಳನ್ನು ತೆಗೆದೆ. ಪಾಲಿಸಿ ಕಾಗದಗಳ ನಡುವೆ ಕ್ಲಬ್ಬಿನ ನಿಯಮಾವಳಿ ಸಿಕ್ಕಿತು. ಕಾಪಿ ತಿದ್ದುವ ಅಭ್ಯಾಸದವಳು, ಕೆಂಪು ಪೆನ್ನು ಹಿಡಿದೇ ಓದಿದೆ. ಸದಸ್ಯತ್ವಕ್ಕೆ ಪುರುಷನಾಗಿರಬೇಕೆಂದು ಎಲ್ಲೂ ಇರಲಿಲ್ಲ. ವಯಸ್ಸು ತುಂಬಿರಬೇಕು, ಸನ್ನಡತೆ ಇರಬೇಕು, ಅಷ್ಟೆ. ಮೇಲಿನವರು ಎರಡು ದಶಕದ ಹಿಂದೆಯೇ ತೆಗೆದ ಬಾಗಿಲನ್ನು ನಮ್ಮೂರಲ್ಲಿ ಯಾರೂ ತಳ್ಳಿಯೇ ನೋಡಿರಲಿಲ್ಲ!

2011ರ ಆರಂಭದಲ್ಲಿ ನಾನೇ ಕೇಳಿದೆ. ಗಲಿಬಿಲಿಯಾಯಿತು. ‘ಮೀಟಿಂಗು ರಾತ್ರಿ ಎಂಟಕ್ಕೆ, ನಿಮಗೆ ತೊಂದರೆ’ ಎಂದರು. ‘ಮಹಿಳಾ ಸಮಾಜ ಇದೆಯಲ್ಲ’ ಎಂದರು. ‘ಜನ ಏನಂದುಕೊಳ್ತಾರೆ’ ಎಂದರು. ನಾನು, ‘ನಾಲ್ಕು ಗಂಟೆಗೆ ಎದ್ದು ಉಪ್ಪಿಟ್ಟು ಮಾಡುವಾಗ ತೊಂದರೆ ಆಗಲಿಲ್ಲ, ಎಂಟು ಗಂಟೆಗೆ ಕೂತು ಮಾತಾಡಲು ತೊಂದರೆಯೆ?’ ಎಂದೆ. ಐದು ತಿಂಗಳು ಎಳೆದಾಡಿದರು. ಕೊನೆಗೆ ಮುಂಚೆ ಇವರನ್ನು ಕರೆದಿದ್ದ ಆ ಶೆಟ್ಟರೇ, ತುಂಬಾ ವಯಸ್ಸಾಗಿತ್ತು ಅವರಿಗೆ, ಎದ್ದು ನಿಂತು ನನ್ನ ಹೆಸರು ಸೂಚಿಸಿದರು. ಜುಲೈಯಲ್ಲಿ ಪಿನ್ನು ಕೊಟ್ಟರು. ಕೋಟಿನ ಕಾಲರಿಗೆಂದು ಮಾಡಿದ ಪಿನ್ನು ಅದು. ಎಲ್ಲಿ ಚುಚ್ಚಬೇಕೆಂದು ಅಧ್ಯಕ್ಷರಿಗೆ ತೋಚಲಿಲ್ಲ. ನಾನೇ ತೆಗೆದುಕೊಂಡು ಹೆಗಲ ಮೇಲೆ, ಸೆರಗಿನ ನೆರಿಗೆಗೆ ಚುಚ್ಚಿಕೊಂಡೆ.

ಗೆದ್ದೆ ಎಂದು ಬೀಗುವ ಹಾಗಿಲ್ಲ. ಸೇರಿದ ಮೇಲೆ ಮೊದಲು ಪಾಠ ಕಲಿತವಳು ನಾನೇ. ಶಾಲಾ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸೋಣ ಎಂದು ನಾನೇ ಯೋಜನೆ ಹಾಕಿದೆ. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕೊನೆಯ ಬೆಂಚು, ಬೋರ್ಡಿನ ಮೇಲಿನದನ್ನು ತಪ್ಪುತಪ್ಪಾಗಿ ಬರೆಯುವವಳು. ‘ಗಮನ ಎಲ್ಲಿರುತ್ತೆ ನಿಂದು?’ ಎಂದು ವರ್ಷವಿಡೀ ಬೈದಿದ್ದೆ. ಎರಡು ಸಲ ಹೊರಗೂ ನಿಲ್ಲಿಸಿದ್ದೆ. ಪರೀಕ್ಷೆಯಲ್ಲಿ ಅವಳು ಚಾರ್ಟಿನ ದೊಡ್ಡ ಅಕ್ಷರವೊಂದನ್ನು ಬಿಟ್ಟು ಬೇರೇನೂ ಓದಲಿಲ್ಲ. ಕನ್ನಡಕ ಬಂದ ದಿನ ನನ್ನ ಹತ್ತಿರ ಬಂದು, ‘ಮಿಸ್, ನಿಮ್ಮ ಕೆನ್ನೆ ಮೇಲೆ ಮಚ್ಚೆ ಇದೆ’ ಎಂದಳು. ಬೇಸರವಿಲ್ಲ, ದೂರಿಲ್ಲ, ಬರೀ ಆಶ್ಚರ್ಯ. ಕಣ್ಣಿನ ಶಿಬಿರಗಳಿಗೆ ಹದಿನೈದು ವರ್ಷ ಉಪ್ಪಿಟ್ಟು ಮಾಡಿದವಳಿಗೆ ತನ್ನ ತರಗತಿಯ ಕಣ್ಣು ಕಾಣಿಸಿರಲಿಲ್ಲ. ಈಗಲೂ ಜೂನ್ ತಿಂಗಳಲ್ಲಿ ಮೊದಲ ಪಾಠಕ್ಕೆ ಮುಂಚೆ ಎಲ್ಲ ಮಕ್ಕಳಿಂದಲೂ ಬೋರ್ಡನ್ನು ಓದಿಸುತ್ತೇನೆ. ಬಹುಶಃ ನಾನು ಮಾಡಿದ ದೊಡ್ಡ ಸೇವೆ ಅದೊಂದೇ. ಅದಕ್ಕೆ ಬ್ಯಾನರು ಬೇಕಾಗಿಲ್ಲ.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಸಭೆ ಭಾನುವಾರ ಸಂಜೆ ಐದಕ್ಕೆ ಬಂತು. ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಶೌಚಾಲಯವಾಯಿತು. ಕೆಲವರು ಗೊಣಗಿದಾಗ ಷಿಕಾಗೋದ 1907ರ ಕತೆ ಹೇಳಿ ಬಾಯಿ ಮುಚ್ಚಿಸಿದೆ. ಪೋಲಿಯೋ ಹನಿ ಹಾಕಲು 1995ರಿಂದಲೂ ನಾವು ಶಿಕ್ಷಕಿಯರು ಮನೆಮನೆ ತಿರುಗಿದವರು. ಪ್ರಪಂಚದಿಂದಲೇ ಪೋಲಿಯೋ ಓಡಿಸುತ್ತೇವೆಂದು ರೋಟರಿ 1985ರಲ್ಲಿ ಪಣ ತೊಟ್ಟಿತ್ತು. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು ಬಂಗಾಳದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿದಾಗ ಸ್ಟಾಫ್ ರೂಮಿನಲ್ಲಿ ಮಂಡಕ್ಕಿ ಮಿರ್ಚಿ ತಂದು ಹಂಚಿದೆ. ಲಯನ್ಸಿಗೆ 2018ರಲ್ಲಿ ಐಸ್‌ಲ್ಯಾಂಡಿನ ಗುಡ್ರುನ್, ರೋಟರಿಗೆ 2022ರಲ್ಲಿ ಕೆನಡಾದ ಜೆನಿಫರ್ ಜೋನ್ಸ್, ಮೊದಲ ಮಹಿಳಾ ವಿಶ್ವಾಧ್ಯಕ್ಷರಾದರು. ನಮ್ಮ ಕ್ಲಬ್ಬಿನಲ್ಲಿ ಈಗ ಒಂಬತ್ತು ಜನ ಹೆಂಗಸರಿದ್ದೇವೆ.

ಚನ್ನಗಿರಿಯಲ್ಲಿದ್ದಾಗ ಪ್ರತಿ ವರ್ಷ ಮಕ್ಕಳನ್ನು ಸೂಳೆಕೆರೆಗೆ ಕರೆದುಕೊಂಡು ಹೋಗುತ್ತಿದ್ದೆ. ಸಮುದ್ರದಂಥ ಕೆರೆ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಕತೆ. ಅಲ್ಲಿದ್ದ ಜಾಗ ವೇಶ್ಯೆಯರದಂತೆ. ನಮ್ಮ ಹೆಸರಿಡುವುದಾದರೆ ಜಾಗ ಬಿಟ್ಟುಕೊಡುತ್ತೇವೆ ಎಂದರಂತೆ. ಮಕ್ಕಳ ಮುಂದೆ ಆ ಹೆಸರು ಹೇಳಲು ನಾಚಿ ನಾನು ಶಾಂತಿಸಾಗರ ಎನ್ನುತ್ತಿದ್ದೆ. ಈಗ ನಾಚುವುದಿಲ್ಲ. ಕೊಟ್ಟವರು ತಮ್ಮ ಹೆಸರು ಕೇಳಿದರು, ಅದರಲ್ಲಿ ತಪ್ಪೇನು? ಊರೂರಿನಲ್ಲಿ ಗಂಜಿ ಕಾಯಿಸಿದ, ಚಾಪೆ ಹಾಸಿದ, ಹನಿ ಹಾಕಿದ ಹೆಂಗಸರು ಹೆಸರು ಕೇಳಲಿಲ್ಲ. ಅದಕ್ಕೇ ಅವರ ಚರಿತ್ರೆ ಎಲ್ಲೂ ಇಲ್ಲ.

ಹೋದ ಜುಲೈಯ ಪದಗ್ರಹಣದಲ್ಲಿ ಇಬ್ಬರು ಹೊಸ ಸದಸ್ಯೆಯರು ಸೇರಿದರು. ಒಬ್ಬಾಕೆ ಗಂಡನನ್ನು ಕಳೆದುಕೊಂಡು ಎರಡು ವರ್ಷವಾಗಿದೆ, ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ದೀಪ ಬೆಳಗಿಸುವಾಗ ಹಿಂದೆ ಸರಿದು ನಿಂತಳು. ನಾನು ಎಣ್ಣೆಯ ಬಟ್ಟಲನ್ನು ಅವಳ ಕೈಗೆ ಕೊಡಲಿಲ್ಲ. ಹೊತ್ತಿಸಿದ ಮೇಣದ ಬತ್ತಿಯನ್ನೇ ಕೊಟ್ಟೆ. ನಮ್ಮವರ ಆ ಹಳೆಯ ಪಿನ್ನನ್ನು ಅಂದು ನನ್ನ ಸೆರಗಿನ ಒಳಮಗ್ಗುಲಿಗೆ ಚುಚ್ಚಿಕೊಂಡಿದ್ದೆ. ಅದು ಯಾರಿಗೂ ಕಾಣುತ್ತಿರಲಿಲ್ಲ.